ಮೊದಲ ಆದ್ಯತೆ ಯಾರಿಗೆ?

ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಅಚ್ಚು ಹಾಕಿಸುತ್ತದೆ. ಮುಂಬೈ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳ ಮಕ್ಕಳು ಇತಿಹಾಸ, ಭೂಗೋಳಕ್ಕೆ ಕನ್ನಡದಲ್ಲೇ ಉತ್ತರ ಬರೆದು ಪಾಸಾಗುತ್ತಾರೆ. ಫಲಿತಾಂಶ ಬಂದ ಮೇಲೆ ಅದೇ ಸರ್ಕಾರಕ್ಕೆ ಕನ್ನಡ ಮರೆತುಹೋಗುತ್ತದೆ. ಹನ್ನೊಂದನೇ ತರಗತಿಯ ಪ್ರವೇಶದ ಪೋರ್ಟಲ್ ಇರುವುದು ಮರಾಠಿ ಮತ್ತು ಇಂಗ್ಲಿಷಿನಲ್ಲಿ.

ಮುಂಬೈಯಲ್ಲಿ ಕೇಂದ್ರೀಕೃತ ಆನ್‌ಲೈನ್ ಪ್ರವೇಶ ಶುರುವಾದದ್ದು 2009ರಲ್ಲಿ. ಕಾಲೇಜಿನ ಕಿಟಕಿಯ ಮುಂದೆ ನಡೆಯುತ್ತಿದ್ದ ಶಿಫಾರಸು, ಕೈಬಿಸಿಗಳಿಗೆ ಕಡಿವಾಣ ಬೇಕಿತ್ತು. ಆ ಉದ್ದೇಶವನ್ನು ಹಳಿಯುವಂತಿಲ್ಲ. 2025ರಲ್ಲಿ ಈ ವ್ಯವಸ್ಥೆ ಇಡೀ ರಾಜ್ಯಕ್ಕೆ ಹಬ್ಬಿತು. ಆ ವರ್ಷ ಮೇ 21ಕ್ಕೆ ತೆರೆಯಬೇಕಿದ್ದ ನೋಂದಣಿ, ಪೋರ್ಟಲ್ ಕೈಕೊಟ್ಟಿದ್ದರಿಂದ 26ಕ್ಕೆ ಹೋಯಿತು. ಕೆಟ್ಟ ಪೋರ್ಟಲನ್ನು ಐದು ದಿನದಲ್ಲಿ ರಿಪೇರಿ ಮಾಡಬಹುದು. ಅರ್ಥವಾಗದ ನಿಯಮ ಮಾತ್ರ ವರ್ಷವರ್ಷವೂ ಹಾಗೇ ಉಳಿಯುತ್ತದೆ.

ಆದ್ಯತಾ ಪಟ್ಟಿಯನ್ನೇ ನೋಡಬಹುದು. ವಿದ್ಯಾರ್ಥಿ ಗರಿಷ್ಠ 10 ಕಾಲೇಜುಗಳನ್ನು ಕ್ರಮವಾಗಿ ಬರೆಯಬೇಕು. ಮೊದಲನೆಯದೇ ಸಿಕ್ಕರೆ ಅಲ್ಲೇ ಸೇರಬೇಕು. ಸೇರದಿದ್ದರೆ ಮುಂದಿನ ನಿಯಮಿತ ಸುತ್ತುಗಳಿಂದ ಹೊರಗೆ. ಇದನ್ನು ಅರೆಬರೆ ಕೇಳಿಸಿಕೊಂಡ ತಂದೆತಾಯಿ, ದೊಡ್ಡ ಕಾಲೇಜನ್ನು ಮೊದಲು ಬರೆದರೆ ಕೈಗೆ ಸಿಗುವುದೂ ತಪ್ಪುತ್ತದೆಂದು ಹೆದರುತ್ತಾರೆ. ಖಂಡಿತ ಸಿಗುವ ಸಾಧಾರಣ ಕಾಲೇಜನ್ನು ಮೇಲಿಟ್ಟು ಅಲ್ಲೇ ಸಿಕ್ಕಿಬೀಳುತ್ತಾರೆ. ಸೀಟು ಹಂಚುವುದು ಅಂಕಗಳ ಮೇಲೆ. ಮೊದಲನೆಯದು ಸಿಗದಿದ್ದರೆ ಎರಡನೆಯದರಲ್ಲಿ ಆ ಮಗುವಿನ ಸ್ಥಾನ ಒಂದಿಂಚೂ ಕೆಳಗಿಳಿಯುವುದಿಲ್ಲ. ಹಾಗಾಗಿ ಆಸೆಯ ಕಾಲೇಜನ್ನು ಮೊದಲು ಬರೆಯುವುದರಿಂದ ನಷ್ಟವಿಲ್ಲ, ಕೊನೆಯ ಒಂದೆರಡು ಜಾಗಗಳಲ್ಲಿ ಖಚಿತವಾದದ್ದು ಇದ್ದರಾಯಿತು. ಎರಡು ಸಾಲಿನ ಈ ಮಾತನ್ನೇ ಗಲ್ಲಿಗಲ್ಲಿಯ ಕೌನ್ಸೆಲಿಂಗ್ ಅಂಗಡಿಗಳು ಗುಟ್ಟಿನ ಹಾಗೆ ಮಾರುತ್ತವೆ.

ಇನ್ನು ಕೋಟಾಗಳು. ಒಂದೇ ಸಂಸ್ಥೆಯ ಶಾಲೆಯಲ್ಲಿ ಓದಿದವರಿಗೆ ಶೇ. 10, ಆಡಳಿತ ಮಂಡಳಿಗೆ ಶೇ. 5, ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಆ ಸಮುದಾಯಕ್ಕೆ ಶೇ. 50. ಭಾಷಿಕ ಅಲ್ಪಸಂಖ್ಯಾತರೂ ಇದರಲ್ಲಿ ಸೇರುತ್ತಾರೆ. ಕನ್ನಡಿಗರ ಸಂಸ್ಥೆಗೆ ಆ ಮಾನ್ಯತೆ ಇದ್ದರೆ ಕನ್ನಡದ ಮಗುವಿಗೆ ಅಲ್ಲಿ ಹಕ್ಕಿದೆ. ಎಷ್ಟು ಮನೆಗಳಿಗೆ ಇದು ಗೊತ್ತು? ತುಂಬದ ಕೋಟಾ ಸೀಟುಗಳನ್ನು ಸಂಸ್ಥೆಗಳು ಬಿಟ್ಟುಕೊಟ್ಟಾಗ ಅವು ಸಾಮಾನ್ಯ ಸುತ್ತಿಗೆ ಬರುತ್ತವೆ. ಕಾದವರಿಗೆ ಲಾಭ. ಆದರೆ ಕಾಯುವುದಕ್ಕೂ ಧೈರ್ಯ ಬೇಕು, ಆ ಧೈರ್ಯ ಬರುವುದು ಮಾಹಿತಿಯಿಂದ.

ರಾಜ್ಯದಲ್ಲಿ ಸೀಟುಗಳಿಗೇನೂ ಬರವಿಲ್ಲ, ಪ್ರತಿವರ್ಷ ಲಕ್ಷಗಟ್ಟಲೆ ಖಾಲಿ ಉಳಿಯುತ್ತವೆ ಎಂದು ಅಧಿಕಾರಿಗಳು ಹೇಳುತ್ತಾರೆ. ನಿಜ. ಆದರೆ ಖಾಲಿ ಸೀಟು ಎಲ್ಲಿದೆ, ಅದರ ಶುಲ್ಕ ಎಷ್ಟು? ಅನುದಾನಿತ ಸೀಟಿಗೂ ಸ್ವಯಂ ಅರ್ಥಸಹಾಯಿತ ಸೀಟಿಗೂ ಭೂಮಿ ಆಕಾಶದ ಅಂತರ. ಧಾರಾವಿಯ ಮಗುವಿಗೆ ವಿರಾರಿನ ಖಾಲಿ ಬೆಂಚಿನಿಂದ ಏನು ಪ್ರಯೋಜನ?

ಮಹಾರಾಷ್ಟ್ರದಲ್ಲಿದ್ದ ಮೇಲೆ ಮರಾಠಿ ಓದಲಿ ಎನ್ನುವವರಿದ್ದಾರೆ. ಕನ್ನಡ ಶಾಲೆಯ ಮಕ್ಕಳು ಮರಾಠಿ ಕಲಿಯುತ್ತಲೇ ಇದ್ದಾರೆ. ಮಾತು ಅವರ ತಂದೆತಾಯಿಯದು: ಮಾರುಕಟ್ಟೆಯಲ್ಲಿ ಮರಾಠಿ ಸರಾಗವಾಗಿ ಆಡುವವರಿಗೂ ಸರ್ಕಾರಿ ಸುತ್ತೋಲೆಯ ಮರಾಠಿ ಕಬ್ಬಿಣದ ಕಡಲೆಯೇ. ಇಡೀ ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ತರಬಲ್ಲ ಸರ್ಕಾರಕ್ಕೆ ನಾಲ್ಕು ಪುಟದ ಸೂಚನೆ ಭಾರವಾಗಬಾರದು.

ಸರ್ಕಾರವನ್ನು ಬೈದು ಕೈತೊಳೆದುಕೊಳ್ಳುವ ಅವಕಾಶ ಕನ್ನಡ ಸಂಘಗಳಿಗೂ ಇಲ್ಲ. ಜುಲೈ, ಆಗಸ್ಟಿನಲ್ಲಿ ಪ್ರತಿಭಾ ಪುರಸ್ಕಾರ ಮಾಡುತ್ತಾರೆ, ಶೇ. 90 ದಾಟಿದವರಿಗೆ ಶಾಲು, ಹಾರ, ಸ್ಮರಣಿಕೆ. ಅಷ್ಟರಲ್ಲಿ ಶೇ. 62 ಬಂದ ಹುಡುಗಿಯ ಪ್ರವೇಶದ ಸುತ್ತುಗಳು ಮುಗಿಯುತ್ತ ಬಂದಿರುತ್ತವೆ. ಅವಳಿಗೆ ಬೇಕಿದ್ದದ್ದು ಮೇ ಕೊನೆಯಲ್ಲಿ ಒಂದು ಭಾನುವಾರ, ಒಂದು ಲ್ಯಾಪ್‌ಟಾಪು, ಪಕ್ಕದಲ್ಲಿ ಕೂತು ಅರ್ಜಿ ತುಂಬಿಸುವ ಒಬ್ಬರು. ಅದಕ್ಕೆ ವೇದಿಕೆಯೂ ಬೇಡ, ಮುಖ್ಯ ಅತಿಥಿಯೂ ಬೇಡ.

ಕೇಳಬೇಕಾದದ್ದು ಮೂರೇ. ಕನ್ನಡ ಮಾಧ್ಯಮದಲ್ಲಿ ಪರೀಕ್ಷೆ ನಡೆಸುವ ಮಂಡಳಿ, ಪ್ರವೇಶದ ಕೈಪಿಡಿಯನ್ನೂ ಕನ್ನಡದಲ್ಲಿ ಕೊಡಲಿ. ಪ್ರತಿ ಕಾಲೇಜು ಕೋಟಾದ ಕಾಯುವ ಪಟ್ಟಿಯನ್ನು ಅಂಕಗಳ ಸಮೇತ ಎಲ್ಲರಿಗೂ ಕಾಣುವಂತೆ ಹಾಕಲಿ. ಸಂಘಗಳು ಪುರಸ್ಕಾರದ ಖರ್ಚಿನಲ್ಲಿ ಒಂದು ಪಾಲನ್ನು ಮೇ ತಿಂಗಳಿಗೆ ತೆಗೆದಿಡಲಿ. ಮೊದಲೆರಡಕ್ಕೆ ಮಂತ್ರಾಲಯದ ಬಾಗಿಲು ತಟ್ಟಬೇಕು. ಮೂರನೆಯದಕ್ಕೆ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯೇ ಸಾಕು.