ನಾಲ್ಕು ಜನರ ಮುಂದಿನ ಮಾನ

ನಮ್ಮ ಉಚ್ಚಂಗಿದುರ್ಗದ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಖರ್ಚು ನಿರ್ಧರಿಸುವವರು ಹೆತ್ತವರಲ್ಲ, ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆ. ಮಳೆಯನ್ನೇ ನಂಬಿದ ರೈತ ಹೊಲ ಅಡವಿಟ್ಟು ಬೀಗರಿಗೆ ಊಟ ಹಾಕುತ್ತಾನೆ. ಬಂದ ಮುಯ್ಯಿಯೂ ಪುಸ್ತಕದಲ್ಲಿ ಬರೆದಿಟ್ಟ ಸಾಲವೇ.

ಈ ರೋಗ ನಮ್ಮದೊಂದೇ ಅಲ್ಲ. ಜನರೆದುರು ಉಳಿಸಿಕೊಳ್ಳಬೇಕಾದ ಮುಖಕ್ಕೆ ಕೊರಿಯಾದವರು ‘ಚೆಮ್ಯೊನ್’ ಎನ್ನುತ್ತಾರೆ. ಅಲ್ಲಿಯೂ ಮದುವೆಯ ಮುಯ್ಯಿ ಲೆಕ್ಕದ ಪುಸ್ತಕ ಸೇರುತ್ತದೆ. ದುಂದುವೆಚ್ಚ ತಡೆಯಲು ದಕ್ಷಿಣ ಕೊರಿಯಾ ಸರ್ಕಾರ 1969ರಲ್ಲಿ ಕಾನೂನು ತಂದು, 1973ರಲ್ಲಿ ದಂಡವನ್ನೂ ಸೇರಿಸಿತು. ಆಡಂಬರ ನಿಲ್ಲಲಿಲ್ಲ. ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕಥೆಯೂ ಬೇರೆಯಲ್ಲ.

ಮಠಗಳು ಸಾಮೂಹಿಕ ವಿವಾಹದ ದಾರಿ ತೋರಿವೆ. ಆದರೆ ಅದಕ್ಕೆ ‘ಬಡವರ ಮದುವೆ’ ಎಂಬ ಹೆಸರು ಅಂಟಿದೆ. ಉಳ್ಳವರು ಅಲ್ಲಿ ವೇದಿಕೆಯ ಮೇಲೆ ದಾನಿಗಳು. ಅವರ ಮಕ್ಕಳ ಮದುವೆ ಮಾತ್ರ ದಾವಣಗೆರೆಯ ಕಲ್ಯಾಣಮಂಟಪದಲ್ಲಿ. ಹೀಗಿರುವಾಗ ಬಡವ ಆ ಚಪ್ಪರದಡಿ ಕೂರಲು ನಾಚಿದರೆ ತಪ್ಪು ಯಾರದು?

ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿ ಮಧುವರಸರು ದಾನ ಕೊಟ್ಟು ಸುಮ್ಮನಾಗಲಿಲ್ಲ; ಸಮಗಾರ ಹರಳಯ್ಯನವರ ಮಗನಿಗೆ ಸ್ವಂತ ಮಗಳನ್ನೇ ಕೊಟ್ಟರು. ಇಬ್ಬರೂ ಪ್ರಾಣವನ್ನೇ ತೆತ್ತರು.

ಕಟ್ಟಡ ಕಟ್ಟಿಸಿದವನಾಗಿ ಹೇಳುತ್ತೇನೆ, ಭಾರವನ್ನು ತಡೆದುಕೊಳ್ಳಬಲ್ಲ ಕಂಬದ ಮೇಲೆ ಹೊರಿಸಬೇಕು. ಜನರ ಆಡಿಕೆಯ ಭಾರ ಹೊರುವ ಶಕ್ತಿ ನಮ್ಮಂಥ ಪಿಂಚಣಿದಾರರಿಗೆ, ಅಧಿಕಾರಿಗಳಿಗೆ, ಮಠದ ಟ್ರಸ್ಟಿಗಳಿಗೆ ಇದೆ. ನಮ್ಮ ಮನೆಯ ಮಕ್ಕಳು ಮೊದಲು ಆ ಚಪ್ಪರದಡಿ ಕೂರಲಿ. ಎಲ್ಲರೂ ಅಂಜುವ ಆ ‘ನಾಲ್ಕು ಜನ’ ನಾವೇ ಅಲ್ಲವೇ?