ಟೊಮೆಟೊ ಅಗ್ಗವಾದಾಗ ಸಾಸ್ ಕುದಿಯಲಿ

ಟೊಮೆಟೊ ಬೆಲೆ ನೆಲ ಕಚ್ಚಿದಾಗ ಕೋಲಾರದ ಕಡೆ ರೈತರು ಹಣ್ಣನ್ನು ರಸ್ತೆಗೆ ಸುರಿಯುವುದುಂಟು. ಆಗಲೂ ಪಟ್ಟಣದ ಮನೆಗಳು ಬಾಟಲಿ ಸಾಸ್‌ಗೆ ಪೂರ್ತಿ ಬೆಲೆಯನ್ನೇ ತೆರುತ್ತವೆ. ಹಲವು ಬ್ರಾಂಡುಗಳಲ್ಲಿ ತೂಕದ ಸುಮಾರು ಕಾಲುಭಾಗ ಸಕ್ಕರೆಯೇ; ಲೇಬಲ್ ಓದುವವರು ಎಷ್ಟು ಮಂದಿ?

ಮನೆಯಲ್ಲಿ ಮಾಡುವುದು ದೊಡ್ಡ ವಿದ್ಯೆಯೇನಲ್ಲ. 2 ಕಿಲೋ ಹಣ್ಣು, ನಾಲ್ಕಾರು ಬ್ಯಾಡಗಿ ಮೆಣಸಿನಕಾಯಿ, ಚೂರು ಶುಂಠಿ, ಎರಡು ಲವಂಗ ಬೇಯಿಸಿ, ರುಬ್ಬಿ, ಸೋಸಿ, ಉಪ್ಪು, ಬೆಲ್ಲ, ವಿನೆಗರ್ ಹಾಕಿ ಕುದಿಸಿದರಾಯಿತು. ಬ್ಯಾಡಗಿ ಖಾರಕ್ಕಿಂತ ಬಣ್ಣವನ್ನೇ ಹೆಚ್ಚು ಕೊಡುತ್ತದೆ. ತಟ್ಟೆಗೆ ಒಂದು ಚಮಚ ಬಿಟ್ಟಾಗ ಅಂಚಿನಲ್ಲಿ ನೀರು ಒಸರದಿದ್ದರೆ ಹದ ಬಂತು. ಬೆಲ್ಲದ ಬದಲು ಖರ್ಜೂರ, ಲವಂಗದ ಬದಲು ಜೀರಿಗೆ ಹಾಕಿ ನೋಡಬಹುದು. ವಿನೆಗರ್ ಬಿಟ್ಟು ಹುಣಸೆ ಹಿಂಡಿದರೆ ಇದು ಗೊಜ್ಜೇ ಅಲ್ಲವೇ ಎಂದು ಅಜ್ಜಿಯರು ನಕ್ಕಾರು, ನಗಲಿ.

ಮಾಡಿದ್ದನ್ನು ಕೆಡದಂತೆ ಇಡುವ ವಿಷಯದಲ್ಲಿ ಮಾತ್ರ ಧೈರ್ಯ ಬೇಡ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವವರಿದ್ದಾರೆ. ಗಾಳಿಯೂ ಹುಳಿಯೂ ಇಲ್ಲದ ಆ ಎಣ್ಣೆಯಲ್ಲಿ ಬೊಟುಲಿನಮ್ ಬ್ಯಾಕ್ಟೀರಿಯಾ ಬೆಳೆದು ವಿಷ ಹುಟ್ಟಿಸಬಲ್ಲದು, ವಾಸನೆಯಲ್ಲಿ ಸುಳಿವೂ ಸಿಗದಿರಬಹುದು. ಮನೆಯ ಸಾಸನ್ನೂ ಹೊರಗಿಡದೆ ಸಣ್ಣ ಬಾಟಲಿಗಳಲ್ಲಿ ತುಂಬಿ ಫ್ರಿಜ್‌ನಲ್ಲೇ ಇಡಬೇಕು, ಒಣ ಚಮಚದಿಂದಲೇ ತೆಗೆಯಬೇಕು.