ಊರಿಗೊಂದು ಮಾತು, ರಾಜಧಾನಿಗೊಂದು ಮಾತು

ಮೂರೇ ದಿನಗಳಲ್ಲಿ ಒಂದು ಸರಕಾರ ಮೂರು ಮಾತು ಆಡಿದ್ದನ್ನು ವಾಚಕರು ಮರೆತಿರಲಾರರು. 2024ರ ಜುಲೈ 15ರಂದು ರಾಜ್ಯದ ಮಂತ್ರಿಮಂಡಲವು ಖಾಸಗಿ ಕೈಗಾರಿಕೆಗಳಲ್ಲಿ ಸ್ಥಳೀಯರಿಗೆ ನೌಕರಿ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ವರ್ಗದ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಎಂಬುದು ಅದರ ಲೆಕ್ಕ. ಮರುದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳು ನೂರಕ್ಕೆ ನೂರು ಕನ್ನಡಿಗರಿಗೇ ಎಂದು ಸಾಮಾಜಿಕ ಜಾಲತಾಣದಲ್ಲಿ ಸಾರಿದರು. ಆ ಬರಹ ಅಳಿಸಿಹೋಗಿ ಮತ್ತೆ 50-70ರ ಲೆಕ್ಕ ಬಂತು. 17ರಂದು ಸಾಫ್ಟ್‌ವೇರ್ ಕಂಪನಿಗಳ ಸಂಘವಾದ ನಾಸ್ಕಾಂ, ಕಂಪನಿಗಳು ರಾಜ್ಯ ಬಿಟ್ಟು ಹೋದಾವು ಎಂದು ಎಚ್ಚರಿಸಿತು. ಆಂಧ್ರದ ಮಂತ್ರಿ ನಾರಾ ಲೋಕೇಶರು ವಿಶಾಖಪಟ್ಟಣಕ್ಕೆ ಬನ್ನಿರೆಂದು ಕಂಪನಿಗಳನ್ನು ಕರೆದರು. ಅದೇ ರಾತ್ರಿ ಮಸೂದೆಗೆ ತಡೆ ಬಿತ್ತು. ಆ ಅಧಿವೇಶನದಲ್ಲಿ ಅದು ಮಂಡನೆಯಾಗಲೇ ಇಲ್ಲ. ನಮ್ಮ ಅಡತಿ ಬಜಾರದಲ್ಲಿ ತೊಗರಿಯ ಧಾರಣೆ ಕೂಡ ಇಷ್ಟು ಬೇಗ ಏರಿಳಿಯುವುದಿಲ್ಲ.

ಸ್ಥಳೀಯರಿಗೆ ಕೆಲಸ ಬೇಕೆಂಬ ಬೇಡಿಕೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಮೇಲ್ಪಟ್ಟು ನೆಲ ಹೋಯಿತು. ಹೊಲ ಕೊಟ್ಟವನ ಮಗ ಕಾರಖಾನೆಯ ಗೇಟಿನ ಮುಂದೆ ನಿಂತು “ನನಗೆ ಕೆಲಸ ಎಲ್ಲಿ?” ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಸಂವಿಧಾನದ 371(ಜೆ) ಕಲಮು ನಮ್ಮ ಭಾಗಕ್ಕೆ ಸರಕಾರಿ ನೌಕರಿಯಲ್ಲಿಯೂ ಶಿಕ್ಷಣದಲ್ಲಿಯೂ ಪಾಲು ಕೊಟ್ಟಿತು. ಖಾಸಗಿ ಕಾರಖಾನೆಯ ಬಾಗಿಲಿಗೆ ಅದು ಹೋಗುವುದಿಲ್ಲ. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 58 ಶಿಫಾರಸುಗಳನ್ನು ಕೊಟ್ಟಿತ್ತು. ಅಂದಿನಿಂದ ಎಲ್ಲ ಪಕ್ಷಗಳ ಸರಕಾರಗಳೂ ಆ ವರದಿಗೆ ಕೈಮುಗಿಯುತ್ತ ಬಂದಿವೆ.

ಆದ್ದರಿಂದ ನಮ್ಮ ಆಕ್ಷೇಪಣೆ ಬೇಡಿಕೆಯ ಮೇಲಲ್ಲ, ಬೇಡಿಕೆಯನ್ನು ಚುರಮುರಿಯಂತೆ ಹಂಚುವ ರೀತಿಯ ಮೇಲೆ. ಹರಿಯಾಣದಲ್ಲಿ ಇಂಥದೇ ಶೇಕಡಾ 75ರ ಕಾನೂನು 2022ರ ಜನವರಿ 15ರಿಂದ ಜಾರಿಗೆ ಬಂದಿತ್ತು. ಅದು ಸಂವಿಧಾನಬಾಹಿರವೆಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2023ರ ನವೆಂಬರ್ 17ರಂದು ತೀರ್ಪು ಕೊಟ್ಟಿತು. ಎಂಟು ತಿಂಗಳ ಹಿಂದಿನ ಈ ತೀರ್ಪು ವಿಧಾನಸೌಧದ ಕಾನೂನು ಪಂಡಿತರಿಗೆ ಗೊತ್ತಿರಲಿಲ್ಲವೆಂದರೆ ನಂಬುವವರಾರು? ಗೊತ್ತಿದ್ದೂ ಮಸೂದೆ ತಂದವರು ಕೋರ್ಟಿನಲ್ಲಿ ಅದನ್ನು ಉಳಿಸಿಕೊಳ್ಳುವ ದಾರಿ ಯೋಚಿಸಬೇಕಿತ್ತು. ಕೋರ್ಟಿನ ಮಾತು ಹಾಗಿರಲಿ, ಮಾಲೀಕರ ಒಂದು ಹೇಳಿಕೆಯ ಮುಂದೆಯೇ ಅವರಿಗೆ ಮೂರನೆಯ ದಿನ ನಿಲ್ಲಲಾಗಲಿಲ್ಲ. ಕೈಯಲ್ಲಿ ತೋರಿಸುವ ಮಾದರಿ ಒಂದು, ಚೀಲದೊಳಗಿನ ಮಾಲು ಇನ್ನೊಂದು ಎಂದಾದರೆ ಬಜಾರದಲ್ಲಿ ಆ ಅಂಗಡಿಯ ಗತಿ ಏನಾಗುವುದೆಂದು ನಮ್ಮ ವ್ಯಾಪಾರಿ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ.

ಈ ವಿದ್ಯೆ ನಮ್ಮ ಪುಢಾರಿಗಳೊಬ್ಬರದೇ ಅಲ್ಲ. ಅಮೇರಿಕದಲ್ಲಿ ಅಧ್ಯಕ್ಷ ಪದವಿಗೆ ನಿಲ್ಲಬೇಕೆನ್ನುವವನು ದೇಶದ ಮುಂದೆ ಹೋಗುವ ಮೊದಲು ತನ್ನ ಪಕ್ಷದ ಮತದಾರರ ಪರೀಕ್ಷೆ ಪಾಸಾಗಬೇಕು. ಜಾನ್ ಮೆಕೇನ್ ಎಂಬ ಸೆನೆಟರರು ವಿಯೆಟ್ನಾಮಿನಲ್ಲಿ ಐದು ವರ್ಷಕ್ಕೂ ಮೇಲೆ ಯುದ್ಧಕೈದಿಯಾಗಿದ್ದು ಬಂದ ಗಟ್ಟಿಗರು. ಪರವಾನಿಗೆಯಿಲ್ಲದೆ ಬಂದು ದುಡಿಯುತ್ತಿರುವ ಲಕ್ಷಾಂತರ ಜನರಿಗೆ ಕಾನೂನಿನ ದಾರಿ ತೆರೆಯಬೇಕೆಂದು 2005ರಲ್ಲಿ ಎಡ್ವರ್ಡ್ ಕೆನೆಡಿಯವರೊಂದಿಗೆ ಕೂಡಿ ಮಸೂದೆ ತಂದವರು ಇವರೇ. 2008ರ ಜನವರಿ 30ರಂದು, ಪಕ್ಷದ ಉಮೇದುವಾರಿಕೆಗೆ ಸ್ಪರ್ಧೆ ನಡೆದಿದ್ದಾಗ, ಅದೇ ಮಸೂದೆ ಈಗ ಬಂದರೆ ಮತ ಹಾಕುವಿರಾ ಎಂದು ಚರ್ಚಾಸಭೆಯಲ್ಲಿ ಕೇಳಿದರು. ಹಾಕುವುದಿಲ್ಲ ಎಂದರು ಮೆಕೇನ್. 2010ರಲ್ಲಿ ತಮ್ಮ ಸೆನೆಟ್ ಸ್ಥಾನಕ್ಕೆ ಪಕ್ಷದೊಳಗೇ ಪ್ರತಿಸ್ಪರ್ಧಿ ಹುಟ್ಟಿಕೊಂಡಾಗ ಮೆಕ್ಸಿಕೋ ಗಡಿಯ ಬೇಲಿಯನ್ನು ಬೇಗ ಮುಗಿಸಿ ಎಂದು ಜಾಹೀರಾತು ಕೊಟ್ಟರು. ಆ ಗಂಡಾಂತರ ದಾಟಿ 2013ರಲ್ಲಿ ಮತ್ತೆ ಮೊದಲಿನಂಥ ಮಸೂದೆಯನ್ನೇ ಹಿಡಿದು ನಿಂತರು. ಧೈರ್ಯಸ್ಥರೆಂದು ಹೆಸರಾದವರ ಕಥೆಯೇ ಹೀಗೆ! ಡೊನಾಲ್ಡ್ ಟ್ರಂಪರಂತೂ 2016ರ ಮಾರ್ಚ್ 3ರ ಚರ್ಚಾಸಭೆಯಲ್ಲಿ ವಿದೇಶಿ ನೌಕರರ ವೀಸಾ ಬಗ್ಗೆ ನನ್ನ ನಿಲುವು ಬದಲಾಗುತ್ತಿದೆ ಎಂದು ಹೇಳಿ, ಅದೇ ರಾತ್ರಿ ಹಳೆಯ ನಿಲುವಿಗೆ ಮರಳಿದ ಪ್ರಕಟಣೆ ಹೊರಡಿಸಿದರು. 2025ರ ಸೆಪ್ಟೆಂಬರಿನಲ್ಲಿ ಆ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ಬೆಂಗಳೂರಿನಲ್ಲಿ ಹೊರಗಿನವರನ್ನು ತಡೆಯಬೇಡಿರೆಂದು ವಾದಿಸಿದ ಕಂಪನಿಗಳ ಹುಡುಗರೇ ಅಲ್ಲಿ ಹೊರಗಿನವರಾಗಿ ನಿಂತರು.

ವಡಗೇರಾದ ಕೂಲಿಕಾರನಿಗೆ ಇದರಲ್ಲಿ ಹೊಸದೇನಿದೆ? ಕೃಷ್ಣಾ-ಭೀಮಾ ನದಿಗಳ ನಡುವೆ ಹುಟ್ಟಿಯೂ, ನೀರು ಮುಟ್ಟದ ಹೊಲದಲ್ಲಿ ಒಂದು ಬೆಳೆ ತೆಗೆದು, ಮನೆಗೆ ಬೀಗ ಹಾಕಿ, ಮುದುಕರನ್ನೂ ಒಂದೆರಡು ಮಕ್ಕಳನ್ನೂ ಬಿಟ್ಟು ಗುಳೆ ಹೋಗುವವನು ಇವನು. ಯಾದಗಿರಿಯ ಗೇಟಿನಲ್ಲಿ ಇವನು ಸ್ಥಳೀಯ. ಗೋವಾದಲ್ಲಿ, ಮುಂಬಯಿಯಲ್ಲಿ ಹೊರಗಿನವನು. ಬೆಂಗಳೂರಿನಲ್ಲಿ ಭಾಷೆಯಿಂದ ಸ್ಥಳೀಯ, ತಗಡಿನ ಶೆಡ್ಡಿನಿಂದ ಹೊರಗಿನವನು. 2004ರ ಜೂನಿನಲ್ಲಿ ಗೋವಾದ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳು ಮಳೆಗಾಲದ ಬಾಯಲ್ಲಿ ನೆಲಸಮವಾದವು. 1966ರಲ್ಲಿ ಹುಟ್ಟಿದ ಶಿವಸೇನೆಗೆ ಮೊದಲ ವೈರಿಗಳಾಗಿ ಸಿಕ್ಕವರು ಮುಂಬಯಿಯ ದಕ್ಷಿಣದವರು, ಅಂದರೆ ನಮ್ಮ ಉಡುಪಿ ಹೋಟೆಲಿನವರೂ ಅವರೊಂದಿಗೆ ಗುಮಾಸ್ತರೂ. ಕಾಲಾಂತರದಲ್ಲಿ ಅದೇ ಪಕ್ಷಕ್ಕೆ ಎಲ್ಲ ಭಾಷೆಯವರ ಓಟೂ ಬೇಕಾಯಿತು. 2019ರ ಚುನಾವಣೆಯಲ್ಲಿ ವರಳಿ ಕ್ಷೇತ್ರದ ಗೋಡೆಗಳ ಮೇಲೆ ಅದರ ಉಮೇದುವಾರರು ಗುಜರಾತಿಯಲ್ಲಿ ಕುಶಲ ಕೇಳಿದರು.

ಇನ್ನು 2020ರ ಲಾಕ್‌ಡೌನ್. ಮೇ 5ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ನಿರ್ಮಾಪಕರೊಂದಿಗೆ ಸಭೆ ನಡೆಸಿದರು. ಊರಿಗೆ ಹೊರಟಿದ್ದ ಪರರಾಜ್ಯದ ಕೂಲಿಕಾರರ ರೈಲುಗಳು ಬೇಡವೆಂದು ಸರಕಾರ ರೈಲ್ವೆಗೆ ಪತ್ರ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡು ದಿನದಲ್ಲಿ ಪತ್ರ ಹಿಂದಕ್ಕೆ ಹೋಯಿತು. ಅದೇ ತಿಂಗಳ 18ರಂದು ಮಹಾರಾಷ್ಟ್ರ ಮೊದಲಾದ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದರು. ಮುಂಬಯಿ, ಪುಣೆಗಳಿಂದ ಬರುತ್ತಿದ್ದವರು ಯಾರು? ಅವರಲ್ಲಿ ಅನೇಕರು ನಮ್ಮ ಯಾದಗಿರಿ, ಕಲಬುರಗಿ ಜಿಲ್ಲೆಗಳವರೇ. ಹೊರಗಿನವನು ಹೋಗಕೂಡದು, ಒಳಗಿನವನು ಬರಕೂಡದು! ಮೇಸ್ತ್ರಿಗೆ ಬೇಕಾದಾಗ ಒಬ್ಬ ಬೇಕು, ರೋಗ ಬಂದಾಗ ಒಬ್ಬನೂ ಬೇಡ.

ನಮ್ಮ ಗಿರಣಿ ಕಾರ್ಮಿಕರಿಗೆ ಇನ್ನೊಂದು ಮಾತು ಹೇಳಬೇಕಾಗಿದೆ. ದೂರದ ರಾಜ್ಯದಿಂದ ಗುತ್ತೇದಾರನು ತಂಡ ಕಟ್ಟಿ ಕರೆತಂದ ಹಮಾಲನನ್ನು ಕಂಡು ನೀವು ಸಿಟ್ಟಾಗುವುದು ಸಹಜ. ಆದರೆ ಅವನನ್ನು ಮಾಲೀಕ ಒಲಿದು ತಂದಿಲ್ಲ. ಅವನು ರಜೆ ಕೇಳಲಾರ, ಸಂಘಕ್ಕೆ ಸೇರಲಾರ, ಕಡಿಮೆ ಪಗಾರಕ್ಕೆ ಗಿರಣಿಯೊಳಗೇ ಮಲಗಿರುತ್ತಾನೆ, ಅದಕ್ಕಾಗಿ ತಂದಿದ್ದಾನೆ. ಇದೇ ಕಾರಣಕ್ಕೆ ನಿಮ್ಮ ತಮ್ಮನನ್ನು ಪುಣೆಯಲ್ಲಿ ಯಾರೋ ಇಟ್ಟುಕೊಂಡಿದ್ದಾರೆ. ಅವನಿಗೂ ನಿಮ್ಮಷ್ಟೇ ಪಗಾರ ಕೊಡಲೇಬೇಕೆಂದಾದ ದಿನ ಅವನನ್ನು ಅಷ್ಟು ದೂರದಿಂದ ತರುವ ಲಾಭ ಮಾಲೀಕನಿಗೆ ಉಳಿಯುವುದಿಲ್ಲ.

ಇಂಥವರಿಗಾಗಿ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂದಿತ್ತು. ಐದು ಜನ ವಲಸೆಗಾರರಿದ್ದ ಕಡೆಯೂ ಅದು ಅನ್ವಯಿಸುತ್ತಿತ್ತು. ಅದನ್ನು ನುಂಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಐದರ ಜಾಗದಲ್ಲಿ ಹತ್ತಾಗಿದೆ. ಎಂಟು ಜನರ ತಂಡ ಇಟ್ಟುಕೊಂಡವನು ನಿಶ್ಚಿಂತ. ಎರಡರಲ್ಲಿಯೂ ರಾಜ್ಯದ ಗಡಿ ದಾಟಿದವನೇ ವಲಸೆಗಾರ. ವಡಗೇರಾದಿಂದ ಬೆಂಗಳೂರಿಗೆ, ಅಂದರೆ ಐದುನೂರು ಕಿಲೋಮೀಟರಿನಷ್ಟು ದೂರ ಹೋದವನು ಕಾನೂನಿನ ಕಣ್ಣಿಗೆ ಎಲ್ಲಿಗೂ ಹೋಗಿಲ್ಲ! ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ 90 ದಿನ ದುಡಿದ ದಾಖಲೆ ಬೇಕು. ಮೂರು ತಿಂಗಳಲ್ಲಿ ಮೂರು ಮೇಸ್ತ್ರಿಗಳ ಕೈಕೆಳಗೆ ದುಡಿದವನಿಗೆ ಅದನ್ನು ಬರೆದುಕೊಡುವವರು ಯಾರು? ಇತ್ತ ಅವನು ಹೋದ ಮೇಲೆ ಊರ ಕಿರಾಣಿ ಅಂಗಡಿಯವನು ಉದ್ರಿ ಪುಸ್ತಕ ತಿರುವುತ್ತ ಕೂಡುತ್ತಾನೆ.

ಈ ಜಿಲ್ಲೆಯಲ್ಲಿ ಯಾರು ಗುಳೆ ಹೋದರು, ಎಲ್ಲಿಗೆ ಹೋದರು ಎಂಬ ಪಟ್ಟಿ ಇಡುವುದು ಕಷ್ಟವೆನ್ನುತ್ತಾರೆ. ಮತದಾನದ ಹಿಂದಿನ ದಿನ ಬೆಂಗಳೂರಿಗೆ ಬಸ್ಸು ಕಳಿಸಿ ಅವರನ್ನು ಕರೆತರುವ ಪುಢಾರಿಗಳ ಹತ್ತಿರ ಹೆಸರು, ಫೋನು, ಶೆಡ್ಡಿನ ಗುರುತು ಎಲ್ಲವೂ ಇರುತ್ತವೆ. ಅದೇ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಇಡಲಿ, ರಾಜ್ಯದೊಳಗೆ ಗುಳೆ ಹೋಗುವವರನ್ನೂ ವಲಸೆ ಕಾರ್ಮಿಕರೆಂದು ನೋಂದಾಯಿಸುವ ಕಾನೂನು ತರಲಿ, ಕಾರಖಾನೆಯ ಗೇಟಿನಲ್ಲಿ ಒಳಗಿನವನಿಗೂ ಹೊರಗಿನವನಿಗೂ ಒಂದೇ ಪಗಾರದ ಫಲಕ ಹಾಕಿಸಲಿ. ಮುಂದೆ ಓಟು ಕೇಳಲು ವಡಗೇರಾಕ್ಕೆ ಬರುವವರು ಈ ಮೂರಕ್ಕೆ ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಬಜಾರದ ಸಭೆಯಲ್ಲಿ ಬರೆದು ಕೊಡಬೇಕೆಂದು ಕೇಳಿರಿ. ಅದೇ ಕಾಗದದ ಒಂದು ಪ್ರತಿಯನ್ನು ಬೆಂಗಳೂರಿನಲ್ಲಿ ಬಂಡವಾಳಗಾರರನ್ನು ಕಾಣಲು ಹೋಗುವಾಗಲೂ ಜೇಬಿನಲ್ಲಿ ಇಟ್ಟುಕೊಂಡು ಹೋಗುವಿರಾ ಎಂದೂ ಕೇಳಿರಿ.